ಕ್ಯಾನ್ಸರ್ ಪತ್ತೆಗೆ ಬೆಳಕಿನ ವಿದ್ಯೆ ಮತ್ತು ನಮ್ಮ ವಿಳಂಬ

(ಬೆಂಗಳೂರಿನ ಪದ್ಮನಾಭನಗರದಲ್ಲಿ ಕುಟುಂಬಗಳಿಗಾಗಿ ಏರ್ಪಡಿಸಲಾಗಿದ್ದ ಆರೋಗ್ಯ ಜಾಗೃತಿ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾವು ವೈದ್ಯರಲ್ಲ, ವಿಜ್ಞಾನಿಗಳೂ ಅಲ್ಲ. ಮದ್ರಸದಲ್ಲಿ ಓದಿ, ಅನಂತರ ಕಲಾ ಪದವಿ ಪಡೆದು, ಪತ್ರಿಕೆಯ ಕೆಲಸಕ್ಕೆ ಸೇರಿದವರು. ಅಂಥವರು ಕ್ಯಾನ್ಸರ್ ಪತ್ತೆಯ ಹೊಸ ವಿದ್ಯೆಯ ಬಗ್ಗೆ ಮಾತನಾಡಲು ಬಂದಿರುವುದೇಕೆಂದು ನೀವು ಕೇಳಬಹುದು. ವೈದ್ಯರು ತಮ್ಮ ಭಾಷೆಯಲ್ಲಿ ಹೇಳುವುದನ್ನು ಮನೆಯ ಭಾಷೆಯಲ್ಲಿ ಹೇಳುವವರು ನಮ್ಮಲ್ಲಿ ಕಡಿಮೆ ಎಂಬುದು ಒಂದು ಕಾರಣ. ನಮ್ಮ ಮೇಲೊಂದು ಋಣವಿದೆ ಎಂಬುದು ಇನ್ನೊಂದು ಕಾರಣ. ಆ ಋಣದ ಮಾತನ್ನೇ ಮೊದಲು ಹೇಳಿಬಿಡುತ್ತೇವೆ.

ನಮ್ಮ ಖಾಲಾ ಒಬ್ಬರಿದ್ದರು. ಮದುವೆಯ ಮನೆಯಲ್ಲಿ ಎಲ್ಲರಿಗೂ ಉಣಬಡಿಸಿ ಕೊನೆಯಲ್ಲಿ ಕೂರುವ ಹೆಂಗಸು. ಅವರಿಗೆ ಊಟ ಎದೆಯಲ್ಲಿ ಸಿಕ್ಕಿಕೊಂಡಂತಾಗತೊಡಗಿತು. ಮೊದಲು ರೊಟ್ಟಿ ಬಿಟ್ಟರು, ಅನಂತರ ಅನ್ನ ಬಿಟ್ಟರು, ಕೊನೆಗೆ ಗಂಜಿಗೆ ಬಂದು ನಿಂತರು. ಕೇಳಿದರೆ, “ಗ್ಯಾಸ್ ಆಗಿದೆ ಬೇಟಾ, ಹೋಗುತ್ತದೆ” ಎನ್ನುತ್ತಿದ್ದರು. ಮೆಡಿಕಲ್ ಅಂಗಡಿಯ ಮಾತ್ರೆಗಳಲ್ಲಿ ಆರು ತಿಂಗಳು ಕಳೆಯಿತು. ಬಾಯಿಯೊಳಗೆ ಕೊಳವೆ ಇಳಿಸುತ್ತಾರೆಂಬ ಭಯ ಒಂದು ಕಡೆ, ಪರಪುರುಷ ವೈದ್ಯರ ಮುಂದೆ ಮಲಗಬೇಕೆಂಬ ಸಂಕೋಚ ಇನ್ನೊಂದು ಕಡೆ. ಕೊನೆಗೂ ಎಂಡೋಸ್ಕೋಪಿ ಆಯಿತು. ವೈದ್ಯರು ಒಳಗಿನಿಂದ ಕೆಲವು ತುಣುಕುಗಳನ್ನು ತೆಗೆದು ಬಯಾಪ್ಸಿಗೆ ಕಳುಹಿಸಿದರು. ವಾರದ ನಂತರ ವರದಿ ಬಂತು: ಕ್ಯಾನ್ಸರಿನ ಕೋಶಗಳು ಕಂಡುಬಂದಿಲ್ಲ, ಉರಿಯೂತವಿದೆ.

ಆ ವರದಿಯನ್ನು ಮನೆಯವರಿಗೆ ಓದಿ ಹೇಳಿದ್ದು ನಾವೇ. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವರೆಂಬ ಮರ್ಯಾದೆ ನಮ್ಮದಾಗಿತ್ತು. “ಇಲ್ಲ” ಎಂಬ ಪದವನ್ನು ನಾವು ಗಟ್ಟಿಯಾಗಿ ಓದಿದೆವು. ಅಂದು ಸಂಜೆ ಶೀರಾ ಮಾಡಿ ನೆರೆಮನೆಗಳಿಗೆ ಹಂಚಲಾಯಿತು. ಅದೇ ಕಾಗದದ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ತೊಂದರೆ ಮುಂದುವರಿದರೆ ಪುನಃ ಪರೀಕ್ಷಿಸಬೇಕು. ಅದನ್ನು ನಾವು ಓದಲಿಲ್ಲ. ನಾಲ್ಕು ತಿಂಗಳ ನಂತರ ನೀರು ನುಂಗುವುದೂ ಕಷ್ಟವಾದಾಗ ಎರಡನೆಯ ಪರೀಕ್ಷೆ ನಡೆಯಿತು. ರೋಗ ಅಲ್ಲೇ ಇತ್ತು. ಅಷ್ಟರಲ್ಲಿ ಅದು ಅನ್ನನಾಳದ ಗೋಡೆಯನ್ನು ದಾಟಿಯಾಗಿತ್ತು. ಖಾಲಾ ಆ ವರ್ಷವನ್ನು ಪೂರೈಸಲಿಲ್ಲ.

ಸಹೋದರರೇ, ಮೊದಲ ವರದಿ ಸುಳ್ಳು ಹೇಳಿತೇ? ಇಲ್ಲ. ಅದು ತನಗೆ ಕೊಟ್ಟ ತುಣುಕಿನ ಬಗ್ಗೆ ಸತ್ಯವನ್ನೇ ಹೇಳಿತು. ತುಣುಕನ್ನು ತೆಗೆದ ಜಾಗ ಯಾವುದು ಎಂಬುದೇ ಪ್ರಶ್ನೆ. ಇಂದಿನ ನಮ್ಮ ವಿಷಯ ಈ ಪ್ರಶ್ನೆಯಿಂದಲೇ ಆರಂಭವಾಗುತ್ತದೆ.

ಎಂಡೋಸ್ಕೋಪಿ ಎಂದರೆ ದೇಹದ ಒಳಗೆ ಬೆಳಕನ್ನು ಕೊಂಡೊಯ್ದು ನೋಡುವ ವಿಧಾನ. ಬೆಳಕು ನೇರ ಸಾಗುವಂಥದ್ದು, ಗಂಟಲಿನ ದಾರಿಯೋ ಬಾಗಿದ್ದು. ಗಾಜಿನ ಸಣ್ಣ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಬಾಗಿಸಿ ಸಾಗಿಸಬಹುದೆಂದು 1954ರಲ್ಲಿ ತೋರಿಸಿಕೊಟ್ಟವರಲ್ಲಿ ಪಂಜಾಬಿನ ನರೀಂದರ್ ಸಿಂಗ್ ಕಪಾನಿ ಪ್ರಮುಖರು. 1957ರಲ್ಲಿ ಬೇಸಿಲ್ ಹಿರ್ಶೋವಿಟ್ಜ್ ಅದೇ ತತ್ವವನ್ನು ಬಳಸಿ ಬಾಗುವ ಜಠರದರ್ಶಕವನ್ನು ರೂಪಿಸಿದರು. ಇಂದು ಕೊಳವೆಯ ತುದಿಯಲ್ಲೇ ಪುಟ್ಟ ಕ್ಯಾಮೆರಾ ಇರುತ್ತದೆ ಮತ್ತು ಒಳಗಿನ ಚಿತ್ರ ಪರದೆಯ ಮೇಲೆ ಮೂಡುತ್ತದೆ.

ಆದರೆ ಕಂಡದ್ದೆಲ್ಲವೂ ತಿಳಿದಂತಲ್ಲ. ಬಲಿತ ಗಡ್ಡೆ ಯಾರ ಕಣ್ಣಿಗೂ ಕಾಣುತ್ತದೆ. ಆರಂಭದ ಕ್ಯಾನ್ಸರ್ ಮಾತ್ರ ಗಡ್ಡೆಯಾಗಿರುವುದಿಲ್ಲ. ಒಳಪದರದ ಮೇಲೆ ತುಸು ಕೆಂಪು, ತುಸು ಒರಟು, ಅಷ್ಟೇ. ಉರಿಯೂತವೂ ಹಾಗೆಯೇ ಕಾಣಬಹುದು. ಅನ್ನನಾಳದ ಉದ್ದ ಸುಮಾರು 25 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ತುಸು ಹೆಚ್ಚು. ವೈದ್ಯರ ಚಿಮಟ ಕಿತ್ತು ತರುವ ತುಣುಕಿನ ಅಳತೆ ಎರಡು ಮೂರು ಮಿಲಿಮೀಟರ್. ರೋಗವಿರುವ ಜಾಗದ ಪಕ್ಕದಿಂದ ತುಣುಕು ಬಂದರೆ ಪ್ರಯೋಗಾಲಯ ಪ್ರಾಮಾಣಿಕವಾಗಿಯೇ “ಇಲ್ಲ” ಎಂದು ಬರೆಯುತ್ತದೆ.

ಹಾಗಾದರೆ ತುಣುಕನ್ನು ಎಲ್ಲಿಂದ ತೆಗೆಯಬೇಕೆಂದು ಮೊದಲೇ ತಿಳಿಯಲು ಸಾಧ್ಯವೇ? ಬೆಳಕಿನ ವಿದ್ಯೆ ಉತ್ತರಿಸಲು ಯತ್ನಿಸುತ್ತಿರುವುದು ಇದನ್ನೇ.

ಇಲ್ಲಿರುವ ಸಹೋದರಿಯರಿಗೆ ಒಂದು ಅನುಭವವಿದೆ. ಜಯನಗರದಲ್ಲೋ ಚಿಕ್ಕಪೇಟೆಯಲ್ಲೋ ಬಟ್ಟೆ ಆರಿಸುವಾಗ ಅಂಗಡಿಯ ದೀಪದ ಬೆಳಕನ್ನು ಅವರು ನಂಬುವುದಿಲ್ಲ. ಬಟ್ಟೆಯನ್ನು ಬಾಗಿಲಿಗೆ ತಂದು ಬಿಸಿಲಿನಲ್ಲಿ ನೋಡುತ್ತಾರೆ. ಬೆಳಕು ಬದಲಾದರೆ ಬಣ್ಣದ ನಿಜ ಬೇರೆಯೇ ಎಂಬುದು ಅವರಿಗೆ ಗೊತ್ತು. ವೈದ್ಯರು ಮಾಡಿದ್ದೂ ಅದನ್ನೇ. ಬಿಳಿ ಬೆಳಕಿನ ಬದಲು ಸುಮಾರು 415 ನ್ಯಾನೋಮೀಟರಿನ ನೀಲಿ ಮತ್ತು 540 ನ್ಯಾನೋಮೀಟರಿನ ಹಸಿರು ಬೆಳಕನ್ನು ಮಾತ್ರ ಒಳಗೆ ಹಾಯಿಸಿದರು. ರಕ್ತದಲ್ಲಿರುವ ಹಿಮೋಗ್ಲೋಬಿನ್ ಈ ಎರಡು ಬೆಳಕುಗಳನ್ನೂ ಚೆನ್ನಾಗಿ ಹೀರಿಕೊಳ್ಳುತ್ತದೆ. ಆದ್ದರಿಂದ ಒಳಪದರದ ಸೂಕ್ಷ್ಮ ರಕ್ತನಾಳಗಳು ಕಪ್ಪು ಗೆರೆಗಳಂತೆ ಎದ್ದು ಕಾಣುತ್ತವೆ. ಕ್ಯಾನ್ಸರ್ ಬೆಳೆಯುವಲ್ಲಿ ಈ ನಾಳಗಳ ವಿನ್ಯಾಸ ಕೆಡುತ್ತದೆ. 2000ದ ದಶಕದ ಮಧ್ಯಭಾಗದಲ್ಲಿ ಬಳಕೆಗೆ ಬಂದ ಈ ವಿಧಾನ ಇಂದು ನಮ್ಮ ನಗರಗಳ ಹಲವು ದೊಡ್ಡ ಆಸ್ಪತ್ರೆಗಳಲ್ಲಿದೆ. ಆದರೆ ಇಲ್ಲಿಯೂ ತೀರ್ಪು ನೀಡುವುದು ವೈದ್ಯರ ಕಣ್ಣೇ. ಪಳಗಿದ ಕಣ್ಣು ಹಿಡಿಯುವುದನ್ನು ಪಳಗದ ಕಣ್ಣು ಬಿಟ್ಟುಬಿಡಬಹುದು.

ಇದಕ್ಕಿಂತ ಒಂದು ಹೆಜ್ಜೆ ಮುಂದಿನದು ಸ್ಪೆಕ್ಟ್ರೋಸ್ಕೋಪಿ. ಮಳೆಯ ಹನಿಗಳು ಬಿಸಿಲನ್ನು ಒಡೆದು ಕಾಮನಬಿಲ್ಲು ಮಾಡುವಂತೆ, ಬೆಳಕನ್ನು ಅದರ ಬಣ್ಣಗಳಾಗಿ ಬಿಡಿಸಿ ಪ್ರತಿಯೊಂದು ಬಣ್ಣ ಎಷ್ಟಿದೆ ಎಂದು ಅಳೆಯುವ ವಿದ್ಯೆ ಇದು. ಎಂಡೋಸ್ಕೋಪಿನೊಳಗೆ ಚಿಮಟ ಇಳಿಸುವ ಸಣ್ಣ ದಾರಿಯೊಂದಿರುತ್ತದೆ. ಆ ದಾರಿಯಲ್ಲೇ ಗಾಜಿನ ಎಳೆಯನ್ನು ಇಳಿಸಿ ಒಳಪದರಕ್ಕೆ ಮುಟ್ಟಿಸುತ್ತಾರೆ. ಬೆಳಕು ಒಳಹೋಗಿ, ಅಂಗಾಂಶದಲ್ಲಿ ಚದುರಿ, ಅದರಲ್ಲಿ ಒಂದಂಶ ಮರಳಿ ಬರುತ್ತದೆ. ಹಾಗೆ ಮರಳಿದ ಬೆಳಕು ತಾನು ಹಾದುಬಂದ ಜಾಗದ ಲೆಕ್ಕವನ್ನು ತಂದಿರುತ್ತದೆ. ಕ್ಯಾನ್ಸರಿನ ಹಾದಿ ಹಿಡಿದ ಜೀವಕೋಶಗಳಲ್ಲಿ ಕೋಶಕೇಂದ್ರಗಳು ದಪ್ಪಗಾಗುತ್ತವೆ, ಒತ್ತೊತ್ತಾಗುತ್ತವೆ. ಆಗ ಬೆಳಕು ಚದುರುವ ರೀತಿ ಬದಲಾಗುತ್ತದೆ. ನೇರಳೆ ಅಥವಾ ನೀಲಿ ಬೆಳಕು ಬಿದ್ದಾಗ ಆರೋಗ್ಯವಂತ ಅಂಗಾಂಶ ತಾನೇ ಮಂದವಾಗಿ ಹೊಳೆಯುತ್ತದೆ. ರೋಗ ಬಂದು ಪದರ ದಪ್ಪಗಾದಲ್ಲಿ ಆ ಹೊಳಪು ಕುಗ್ಗುತ್ತದೆ. ಕಣ್ಣು ಗುರುತಿಸಲಾರದ ಈ ವ್ಯತ್ಯಾಸಗಳನ್ನು ಯಂತ್ರ ಅಂಕಿಗಳಲ್ಲಿ ಬರೆದುಕೊಡುತ್ತದೆ.

ಈ ವಿದ್ಯೆಯ ಅತ್ಯಂತ ಸೂಕ್ಷ್ಮವಾದ ಶಾಖೆಗೆ ನಮ್ಮ ಬೆಂಗಳೂರಿನೊಂದಿಗೆ ಹಳೆಯ ನಂಟಿದೆ. 1928ರ ಫೆಬ್ರವರಿ 28ರಂದು ಕಲ್ಕತ್ತದಲ್ಲಿ ಸಿ.ವಿ. ರಾಮನ್ ಅವರು ಕೆ.ಎಸ್. ಕೃಷ್ಣನ್ ಅವರೊಂದಿಗೆ ಕಂಡುಕೊಂಡ ಹೊಸ ಬೆಳಕಿನ ಕುರಿತು ವಿಸ್ತಾರವಾದ ಉಪನ್ಯಾಸ ನೀಡಿದ್ದು ಇದೇ ಊರಿನಲ್ಲಿ, ಅದೇ ವರ್ಷದ ಮಾರ್ಚ್ 16ರಂದು. 1930ರಲ್ಲಿ ನೊಬೆಲ್ ಬಂತು. 1933ರಲ್ಲಿ ಅವರು ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. 1948ರಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು ಮತ್ತು 1970ರಲ್ಲಿ ಇಲ್ಲಿಯೇ ಕೊನೆಯುಸಿರೆಳೆದರು.

ರಾಮನ್ ಕಂಡದ್ದೇನು? ಹಿಂದೆ ವ್ಯಾಪಾರಿಗಳು ಬೆಳ್ಳಿಯ ನಾಣ್ಯವನ್ನು ಕಲ್ಲಿನ ಮೇಲೆ ಬಡಿದು ಅದರ ದನಿಯಿಂದ ಖೊಟ್ಟಿಯೋ ಅಸಲಿಯೋ ಎಂದು ತಿಳಿಯುತ್ತಿದ್ದರು. ಪ್ರತಿಯೊಂದು ಲೋಹಕ್ಕೂ ತನ್ನದೇ ದನಿಯಿರುವಂತೆ ಪ್ರತಿಯೊಂದು ಅಣುವಿಗೂ ತನ್ನದೇ ಕಂಪನವಿದೆ. ಬೆಳಕು ಅಣುವಿಗೆ ಬಡಿದಾಗ ಅದರ ಬಹುಪಾಲು ಬಂದ ಬಣ್ಣದಲ್ಲೇ ಚದುರುತ್ತದೆ. ಸುಮಾರು ಒಂದು ಕೋಟಿ ಬೆಳಕಿನ ಕಣಗಳಲ್ಲಿ ಒಂದು ಮಾತ್ರ ಆ ಕಂಪನದೊಂದಿಗೆ ಕೊಟ್ಟುಕೊಂಡು, ತುಸು ಬದಲಾದ ಬಣ್ಣದಲ್ಲಿ ಬರುತ್ತದೆ. ಕೋಟಿಯಲ್ಲಿ ಒಂದಾದ ಆ ಕಣವನ್ನು ಹಿಡಿದರೆ ಅಂಗಾಂಶದಲ್ಲಿ ಪ್ರೋಟೀನ್ ಎಷ್ಟು, ಕೊಬ್ಬು ಎಷ್ಟು, ಡಿಎನ್‌ಎ ಎಷ್ಟು ಎಂಬುದರ ಸುಳಿವು ಸಿಗುತ್ತದೆ. ಕ್ಯಾನ್ಸರ್ ಈ ಪ್ರಮಾಣಗಳನ್ನು ಬದಲಿಸುತ್ತದೆ. ಗಡ್ಡೆ ಕಾಣುವ ಮುನ್ನವೇ ರಾಸಾಯನಿಕ ಬದಲಾವಣೆ ಆರಂಭವಾಗಿರುತ್ತದೆ ಎಂಬುದು ವಿಜ್ಞಾನಿಗಳ ಭರವಸೆಗೆ ಆಧಾರ.

ಇದು ಕೇವಲ ವಿದೇಶದ ಮಾತೂ ಅಲ್ಲ. ನಮ್ಮದೇ ರಾಜ್ಯದ ಮಣಿಪಾಲದಲ್ಲಿ ಸಿ. ಮುರಳಿಕೃಷ್ಣ ಮತ್ತು ಅವರ ಜೊತೆಗಾರರು, ಶಸ್ತ್ರಚಿಕಿತ್ಸಕರ ಸಹಕಾರದಿಂದ, ಬಾಯಿಯ ಹಾಗೂ ಗರ್ಭಕೊರಳಿನ ಅಂಗಾಂಶಗಳನ್ನು ರಾಮನ್ ವಿಧಾನದಿಂದ ಪರೀಕ್ಷಿಸಿದರು. 2007ರಲ್ಲಿ ಜಠರದ ಮತ್ತು ದೊಡ್ಡ ಕರುಳಿನ ಒಳಪದರಗಳ ಅಧ್ಯಯನಗಳು ಪ್ರಕಟವಾದವು. ಆರೋಗ್ಯವಂತ ಪದರ ಮತ್ತು ಕ್ಯಾನ್ಸರ್ ಪದರ ಬೆಳಕಿನ ಲೆಕ್ಕದಲ್ಲಿ ಬೇರೆ ಬೇರೆಯಾಗಿ ನಿಲ್ಲುತ್ತವೆ ಎಂದು ಅವು ತೋರಿಸಿದವು. ಅವು ದೇಹದಿಂದ ಹೊರತೆಗೆದ ಅಂಗಾಂಶದ ಮೇಲಿನ ಅಧ್ಯಯನಗಳು. ಅದೇ ವಿಜ್ಞಾನಿ ಮುಂದೆ ನವಿ ಮುಂಬೈಯಲ್ಲಿರುವ ಟಾಟಾ ಸ್ಮಾರಕ ಕೇಂದ್ರದ ಸಂಶೋಧನಾ ಸಂಸ್ಥೆಗೆ ತೆರಳಿ, ಜೀವಂತ ರೋಗಿಗಳ ಬಾಯಿಯೊಳಗೇ ಈ ಬೆಳಕನ್ನು ಹಾಯಿಸಿ ನೋಡಿದರು. ತಂಬಾಕಿನ ಚಟವಿರುವವರ ಬಾಯಿಯನ್ನೂ ಪರೀಕ್ಷಿಸಿದರು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶಿವ ಉಮಾಪತಿ ಅವರ ತಂಡ 2014ರಲ್ಲಿ, ಮೇಲ್ಪದರದ ಕೆಳಗೆ ಅಡಗಿರುವುದನ್ನು ಹಲವು ಕೋನಗಳಿಂದ ಬರುವ ರಾಮನ್ ಬೆಳಕಿನ ಮೂಲಕ ಗುರುತಿಸುವ ವಿಧಾನವನ್ನು ಪ್ರಕಟಿಸಿತು. ಎಂಡೋಸ್ಕೋಪಿಯ ಒಳಗೇ ಇದನ್ನು ಹೆಚ್ಚು ದೂರ ಕೊಂಡೊಯ್ದವರು ಸಿಂಗಾಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದವರು. ಝಿವೈ ಹುವಾಂಗ್ ಅವರ ತಂಡ 1.8 ಮಿಲಿಮೀಟರ್ ದಪ್ಪದ ಶೋಧಕವನ್ನು ಕೊಳವೆಯೊಳಗಿಂದ ಇಳಿಸಿ, ನೂರಾರು ರೋಗಿಗಳ ಜಠರದಲ್ಲಿ ಪರೀಕ್ಷೆ ನಡೆಸಿತು. ವೈದ್ಯರು ನೋಡುತ್ತಿರುವಾಗಲೇ, ಸೆಕೆಂಡುಗಳೊಳಗೆ ಯಂತ್ರ ತನ್ನ ಅಭಿಪ್ರಾಯವನ್ನು ಹೇಳಬಲ್ಲದು.

ಇಷ್ಟು ಕೇಳಿದ ಮೇಲೆ ಕೆಲವರು ಸಭೆ ಮುಗಿದೊಡನೆ ನಮ್ಮ ಬಳಿ ಬಂದು, “ಈ ಯಂತ್ರ ಯಾವ ಆಸ್ಪತ್ರೆಯಲ್ಲಿದೆ?” ಎಂದು ಕೇಳಬಹುದು. ಆದ್ದರಿಂದ ಸ್ಪಷ್ಟವಾಗಿ ಹೇಳುವುದು ನಮ್ಮ ಕರ್ತವ್ಯ. ಇದು ಇನ್ನೂ ಸಾಮಾನ್ಯ ಚಿಕಿತ್ಸೆಯ ಭಾಗವಾಗಿಲ್ಲ. ಈ ಬೆಳಕು ಅಂಗಾಂಶದಲ್ಲಿ ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ಒಂದು ಸಲಕ್ಕೆ ಅದು ಮುಟ್ಟಿದ ಬಿಂದುವನ್ನಷ್ಟೇ ತಿಳಿಸುತ್ತದೆ. ಉರಿಯೂತ ಅದನ್ನೂ ಗೊಂದಲಕ್ಕೀಡು ಮಾಡಬಲ್ಲದು. ಒಂದು ದೇಶದ ರೋಗಿಗಳ ಮೇಲೆ ಕಲಿತ ಯಂತ್ರ ಇನ್ನೊಂದು ದೇಶದವರಲ್ಲಿ ಅಷ್ಟೇ ಸರಿಯಾಗಿರುತ್ತದೆಯೇ ಎಂಬುದನ್ನು ಪುನಃ ಪರೀಕ್ಷಿಸಬೇಕು. ಕೊನೆಯ ತೀರ್ಮಾನ ಇಂದಿಗೂ ಬಯಾಪ್ಸಿಯದ್ದೇ. ಬಯಾಪ್ಸಿಯ ಚಿಮಟವನ್ನು ಸರಿಯಾದ ಜಾಗಕ್ಕೆ ಕರೆದೊಯ್ಯುವುದು ಬೆಳಕಿನ ಕೆಲಸ. ಹಾಗಿರುವಾಗ, ಕೊಳವೆಯೂ ಬೇಡ, ಚಿಮಟವೂ ಬೇಡ, ಹೊರಗಿನಿಂದ ಬೆಳಕು ಬಿಟ್ಟರೆ ಕ್ಯಾನ್ಸರ್ ತಿಳಿಯುತ್ತದೆ ಎಂದು ಯಾರಾದರೂ ಹಣ ಕೇಳಿದರೆ ಅವರಿಂದ ದೂರವಿರಿ. ಹೊಸ ಯಂತ್ರ ಬರಲಿ, ಆಮೇಲೆ ನೋಡೋಣ ಎಂದು ಇಂದಿನ ಎಂಡೋಸ್ಕೋಪಿಯನ್ನು ಮುಂದೂಡುವುದೂ ಅಷ್ಟೇ ಅಪಾಯಕಾರಿ.

ಏಕೆಂದರೆ ಯಂತ್ರ ಎಷ್ಟೇ ಸೂಕ್ಷ್ಮವಾಗಿರಲಿ, ಅದು ನಮ್ಮ ಮನೆಯ ಬಾಗಿಲು ತಟ್ಟುವುದಿಲ್ಲ. ಅದರ ಮುಂದೆ ಹೋಗಿ ಮಲಗಬೇಕಾದವರು ನಾವು. ಸಿಂಗಾಪುರದ ಯಂತ್ರ ನಮ್ಮ ಬೀದಿಯಲ್ಲೇ ಇದ್ದಿದ್ದರೂ, ಖಾಲಾ ಕಳೆದುಕೊಂಡ ಮೊದಲ ಆರು ತಿಂಗಳನ್ನು ಅದು ಮರಳಿ ಕೊಡುತ್ತಿರಲಿಲ್ಲ.

ನಮ್ಮ ಭಾಷಣಗಳಲ್ಲಿ ಇಬ್ನುಲ್ ಹೈಸಮ್‌ರ ಹೆಸರನ್ನು ಅಭಿಮಾನದಿಂದ ಹೇಳುತ್ತೇವೆ. ಸಾವಿರ ವರ್ಷಗಳ ಹಿಂದೆ ಬಸ್ರಾದಲ್ಲಿ ಜನಿಸಿ ಕೈರೋದಲ್ಲಿ ಬಾಳಿದ ಅವರು, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುವುದರಿಂದಲೇ ನಾವು ನೋಡುತ್ತೇವೆ ಎಂದು ‘ಕಿತಾಬುಲ್ ಮನಾಝಿರ್’ನಲ್ಲಿ ಪ್ರತಿಪಾದಿಸಿದರು. ಹಿರಿಯರು ಹೇಳಿದ್ದೆಂಬ ಕಾರಣಕ್ಕೆ ಒಪ್ಪದೆ, ಪ್ರಯೋಗ ಮಾಡಿ ನೋಡಿದರು. ಅವರ ಹೆಸರಿನಲ್ಲಿ ಹೆಮ್ಮೆಪಡುವ ನಾವು, ನಮ್ಮ ತಾಯಿಯ ಎದೆಯಲ್ಲಿ ತುತ್ತು ಸಿಕ್ಕಿಕೊಳ್ಳುತ್ತಿದೆ ಎಂದಾಗ ಪರೀಕ್ಷಿಸಿ ನೋಡದೆ “ಗ್ಯಾಸ್” ಎಂದು ಒಪ್ಪಿಕೊಳ್ಳುವುದಾದರೆ, ಆ ಹೆಮ್ಮೆಗೆ ಯಾವ ಅರ್ಥ ಉಳಿಯಿತು?

ಆದ್ದರಿಂದ ಕೆಲವು ಲಕ್ಷಣಗಳನ್ನು ನೆನಪಿಡಿ. ನುಂಗುವಾಗ ಆಹಾರ ಸಿಕ್ಕಿಕೊಳ್ಳುವುದು, ಅದೂ ದಿನೇ ದಿನೇ ಹೆಚ್ಚುವುದು. ಕಾರಣವಿಲ್ಲದೆ ತೂಕ ಇಳಿಯುವುದು. ವಾಂತಿಯಲ್ಲಿ ರಕ್ತ, ಡಾಂಬರಿನಂತೆ ಕಪ್ಪಾದ ಮಲ, ಮಲದಲ್ಲಿ ರಕ್ತ. ಕಾರಣ ತಿಳಿಯದ ರಕ್ತಹೀನತೆ. ಇವು ಬಂದವರೆಲ್ಲರಿಗೂ ಕ್ಯಾನ್ಸರ್ ಇರುವುದಿಲ್ಲ. ಹೆಚ್ಚಿನವರಲ್ಲಿ ಬೇರೆ ಕಾರಣವೇ ಇರುತ್ತದೆ. ಆದರೆ ಕಾರಣವನ್ನು ನಿರ್ಧರಿಸಬೇಕಾದದ್ದು ವೈದ್ಯರು, ಮೆಡಿಕಲ್ ಅಂಗಡಿಯಲ್ಲ. ತಂಬಾಕು, ಗುಟ್ಕಾ, ಅಡಿಕೆ ಇವು ಬಾಯಿಯನ್ನು ಮಾತ್ರವಲ್ಲ, ಅನ್ನನಾಳವನ್ನೂ ಕೆಡಿಸುತ್ತವೆ. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೆ ನಮ್ಮ ಮದುವೆ ಮಂಟಪಗಳ ಮೂಲೆಗಳಿಂದ ಅದು ಹೋಗಿದೆಯೇ ಎಂದು ನಮ್ಮನ್ನೇ ಕೇಳಿಕೊಳ್ಳೋಣ. 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳು ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಹೇಳಿತು. ಚಹಾ ಬಿಡಬೇಕಾಗಿಲ್ಲ, ಆರಿಸಿ ಕುಡಿದರೆ ಸಾಕು.

ಇನ್ನು ಸರಕಾರದ ಹೊಣೆಯ ಮಾತು. ಇಲ್ಲಿಂದ ಹೆಚ್ಚು ದೂರವಿಲ್ಲದ ಹೊಸೂರು ರಸ್ತೆಯಲ್ಲಿ ಕಿದ್ವಾಯಿ ಆಸ್ಪತ್ರೆಯಿದೆ. ಸ್ವಾತಂತ್ರ್ಯ ಹೋರಾಟಗಾರರೂ ಕೇಂದ್ರ ಸಚಿವರೂ ಆಗಿದ್ದ ರಫಿ ಅಹಮದ್ ಕಿದ್ವಾಯಿಯವರ ಸ್ಮರಣೆಯಲ್ಲಿ 1973ರಲ್ಲಿ ಆರಂಭವಾದ ಸಂಸ್ಥೆ ಅದು. 1982ರಿಂದ ಅಲ್ಲಿ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಅನ್ನನಾಳ ಮತ್ತು ಜಠರದ ಕ್ಯಾನ್ಸರ್‌ಗಳು ಈ ನಗರದಲ್ಲಿ ಅಪರೂಪವಲ್ಲ ಎಂದು ಆ ದಾಖಲೆಗಳು ಹೇಳುತ್ತ ಬಂದಿವೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ನೀಡಿತು. ಇದು ಸ್ವಾಗತಾರ್ಹ. ಆದರೆ ಕಾರ್ಡು ಚಿಕಿತ್ಸೆಗೆ ನೆರವಾದೀತೇ ಹೊರತು ರೋಗವನ್ನು ಬೇಗ ಕಂಡುಹಿಡಿದು ಕೊಡುವುದಿಲ್ಲ. ಅದಕ್ಕೆ ಜಿಲ್ಲೆ, ತಾಲೂಕು ಆಸ್ಪತ್ರೆಗಳಲ್ಲಿ ಎಂಡೋಸ್ಕೋಪಿ ಬೇಕು, ಪಳಗಿದ ವೈದ್ಯರು ಬೇಕು, ತುಣುಕನ್ನು ಓದಬಲ್ಲ ರೋಗಶಾಸ್ತ್ರಜ್ಞರು ಬೇಕು, ಮಹಿಳೆಯರಿಗೆ ಮಹಿಳಾ ಸಿಬ್ಬಂದಿ ಬೇಕು. ಮಣಿಪಾಲದ ಮೇಜಿನ ಮೇಲೆ ಸಾಬೀತಾದದ್ದು ರಾಯಚೂರಿನ ರೋಗಿಯ ಹಾಸಿಗೆಯವರೆಗೆ ಬರಲು ಸಂಶೋಧನೆಗೆ ಸಾರ್ವಜನಿಕ ಹಣ ಬೇಕು. ರಾಮನ್ ಹೆಸರಿನಲ್ಲಿ ಪ್ರತಿವರ್ಷ ಫೆಬ್ರವರಿ 28ರಂದು ರಾಷ್ಟ್ರೀಯ ವಿಜ್ಞಾನ ದಿನ ಆಚರಿಸುವ ದೇಶದಲ್ಲಿ, ಅವರ ಬೆಳಕಿನಿಂದ ನಡೆಯುವ ಯಂತ್ರಗಳನ್ನು ಹೊರದೇಶದಿಂದ ಕೊಂಡು ಶ್ರೀಮಂತರಿಗಷ್ಟೇ ಬಳಸುವ ದಿನ ಬಂದರೆ ಅದು ಖೇದಕರ. ಮತ ಕೇಳಲು ಬರುವವರ ಮುಂದೆ ರಸ್ತೆ, ಚರಂಡಿಗಳ ಜೊತೆಗೆ ಈ ಪ್ರಶ್ನೆಯನ್ನೂ ಇಡೋಣ.

ಕೊನೆಯದಾಗಿ ಒಂದು ವಿನಂತಿ. ಅದು ಈ ಸಭೆಯಲ್ಲಿರುವ ಯುವಕ ಯುವತಿಯರಿಗೆ. ನಿಮ್ಮ ಮನೆಗಳಲ್ಲಿ ಇಂಗ್ಲಿಷ್ ಓದಬಲ್ಲವರು ನೀವೇ. ತಾಯಿಯ, ತಂದೆಯ, ಅಜ್ಜಿಯ ವರದಿಗಳು ನಿಮ್ಮ ಕೈಗೇ ಬರುತ್ತವೆ. ಒಳ್ಳೆಯ ಪದವೊಂದನ್ನು ಆರಿಸಿ ಓದಿ ಕಾಗದವನ್ನು ಮಡಚಿಡಬೇಡಿ. “ತುಣುಕನ್ನು ಎಲ್ಲಿಂದ ತೆಗೆದಿರಿ? ತೊಂದರೆ ಹೀಗೆಯೇ ಉಳಿದರೆ ಮತ್ತೆ ಯಾವಾಗ ಬರಬೇಕು?” ಎಂದು ವೈದ್ಯರನ್ನು ಕೇಳಿ. ತೊಂದರೆ ಉಳಿದಿದ್ದರೆ, “ಇಲ್ಲ” ಎಂಬ ವರದಿ ಕೈಯಲ್ಲಿದ್ದರೂ ಪುನಃ ಕರೆದುಕೊಂಡು ಹೋಗಿ. ವರದಿಯ ಕೊನೆಯ ಸಾಲನ್ನೂ ಓದಿ. ನಾವು ಓದದೆ ಬಿಟ್ಟದ್ದು ಅದನ್ನೇ.